ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್

ಜಾಝ್ ಸಂಗೀತವೆಂದೊಡನೆ ನಮ್ಮಲ್ಲಿ ಹಲವರಿಗೆ ಪಾನಗೃಹವೂ ಕುಣಿತವೂ ನೆನಪಿಗೆ ಬರುವುದುಂಟು. ಆ ಭಾವನೆ ಪೂರ್ತಿ ತಪ್ಪೆಂದು ನಾವು ಹೇಳಲಾರೆವು. ಆದರೂ ಆ ಪಾನಗೃಹಗಳಲ್ಲಿ ನುಡಿಸುತ್ತಲೇ ದೇವಸ್ತುತಿಗೆ ತಮ್ಮ ಉಸಿರನ್ನು ಮೀಸಲಿಟ್ಟ ಕಲಾವಿದರೊಬ್ಬರಿದ್ದರು. ಅವರೇ ಜಾನ್ ಕೋಲ್ಟ್ರೇನ್.

ಅವರು 1926ರ ಸೆಪ್ಟೆಂಬರ್ 23ರಂದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಹ್ಯಾಮ್ಲೆಟ್ ಎಂಬ ಊರಿನಲ್ಲಿ ಕಪ್ಪು ಜನಾಂಗದ ಕುಟುಂಬವೊಂದರಲ್ಲಿ ಜನಿಸಿದರು. ಅಜ್ಜಂದಿರಿಬ್ಬರೂ ಮೆಥೊಡಿಸ್ಟ್ ಸಭೆಯ ಬೋಧಕರು. ತಂದೆ ದರ್ಜಿ, ಸಂಗೀತಪ್ರಿಯ. 1939ರಲ್ಲಿ ತಂದೆ ತೀರಿಕೊಂಡಾಗ ಜಾನ್‌ಗೆ ಹನ್ನೆರಡೇ ವಯಸ್ಸು. 1943ರಲ್ಲಿ ಫಿಲಡೆಲ್ಫಿಯಾ ನಗರವನ್ನು ಸೇರಿ, ನೌಕಾಪಡೆಯಲ್ಲಿ ಕೆಲಕಾಲ ಸೇವೆ ಸಲ್ಲಿಸಿ, 1955ರಲ್ಲಿ ಖ್ಯಾತ ಕಹಳೆವಾದಕ ಮೈಲ್ಸ್ ಡೇವಿಸ್ ಅವರ ವೃಂದದಲ್ಲಿ ಸ್ಥಾನ ಪಡೆದರು.

ಅಷ್ಟರಲ್ಲಾಗಲೇ ಹೆರಾಯಿನ್ ಎಂಬ ಮಾದಕ ವಿಷವೂ ಮದ್ಯವೂ ಅವರನ್ನು ಆವರಿಸಿದ್ದವು. 1957ರಲ್ಲಿ ಡೇವಿಸ್ ಅವರು ಕೋಲ್ಟ್ರೇನರನ್ನು ವೃಂದದಿಂದ ಹೊರಹಾಕಿದರು. ಫಿಲಡೆಲ್ಫಿಯಾದ ತಾಯಿಯ ಮನೆಗೆ ಮರಳಿದ ಮಗ, ಅಲ್ಲಿಯೇ ಹೆರಾಯಿನ್ನನ್ನು ತ್ಯಜಿಸಿದರು. ಆ ಬಿಡುಗಡೆ ದೇವರ ಕೃಪೆಯಿಂದಲೇ ದೊರೆಯಿತೆಂದು ಅವರು ಕೊನೆಯವರೆಗೂ ನಂಬಿದ್ದರು. ಅದೇ ವರ್ಷ ಥೆಲೋನಿಯಸ್ ಮಂಕ್ ಎಂಬ ಪಿಯಾನೋ ವಾದಕರೊಡನೆ ನ್ಯೂಯಾರ್ಕಿನ ಪಾನಗೃಹವೊಂದರಲ್ಲಿ ತಿಂಗಳುಗಟ್ಟಲೆ ನುಡಿಸಿ, ಹೊಸ ಮನುಷ್ಯರಾದರು.

1963ರ ಸೆಪ್ಟೆಂಬರ್ 15, ಭಾನುವಾರ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಬ್ಯಾಪ್ಟಿಸ್ಟ್ ದೇವಾಲಯವೊಂದರಲ್ಲಿ ವರ್ಣದ್ವೇಷಿಗಳಿಟ್ಟ ಬಾಂಬು ಸಿಡಿದು ನಾಲ್ವರು ಬಾಲಕಿಯರು ಅಸುನೀಗಿದರು. ಎರಡು ತಿಂಗಳೊಳಗೆ ಅಥವಾ ತುಸು ಹೆಚ್ಚಿನ ಅವಧಿಯಲ್ಲಿ ಕೋಲ್ಟ್ರೇನ್ 'ಅಲಬಾಮಾ' ಎಂಬ ಶೋಕವಾದನವನ್ನು ಧ್ವನಿಮುದ್ರಿಸಿದರು. ಅದರಲ್ಲಿ ಮಾತಿಲ್ಲ, ಕೇಳಿದವರಿಗೆ ಮಾತು ಬೇಕೆನಿಸುವುದೂ ಇಲ್ಲ.

1964ರ ಡಿಸೆಂಬರ್ 9ರಂದು ಮೂವರು ಸಂಗಡಿಗರೊಡನೆ ಮುದ್ರಿಸಿದ 'ಎ ಲವ್ ಸುಪ್ರೀಮ್', ಅಂದರೆ ಪರಮ ಪ್ರೀತಿ, ಅವರ ಕೃತಜ್ಞತಾರ್ಪಣೆ. ಅದರ ನಾಲ್ಕು ಭಾಗಗಳಲ್ಲಿ ಕೊನೆಯದಕ್ಕೆ ಕೀರ್ತನೆಯೆಂದೇ ಹೆಸರು. ತಾವೇ ರಚಿಸಿದ ಪ್ರಾರ್ಥನೆಯನ್ನು ಅಲ್ಲಿ ಅವರು ಹಾಡಲಿಲ್ಲ. ಅದರ ಪದಪದವನ್ನೂ ಸ್ಯಾಕ್ಸೋಫೋನಿನಲ್ಲಿ ಉಸುರಿದರು. ಅವರು ನಮ್ಮ ಧರ್ಮಸಭೆಯವರಲ್ಲ. ಎಲ್ಲ ಧರ್ಮಗಳನ್ನೂ ಗೌರವಿಸಿದವರು. ಆದರೂ ಕೀರ್ತನೆಗಳ ನಡುವೆ ಬೆಳೆದ ನಮಗೆ ಆ ವಾದನ ಅಪರಿಚಿತವೆನಿಸದು.

ಅನಂತರದ ಅವರ ಸಂಗೀತ ಬಹು ಕಠಿಣ. ನಮಗೂ ಅದು ಸುಲಭವಾಗಿ ಒಲಿಯದು. ಹಳೆಯ ಸಂಗಡಿಗರಲ್ಲಿಬ್ಬರು 1966ರ ಆರಂಭದ ವೇಳೆಗೆ ದೂರವಾದರು. 1967ರ ಜುಲೈ 17ರಂದು, ನಲವತ್ತನೆಯ ವಯಸ್ಸಿನಲ್ಲೇ, ಕೋಲ್ಟ್ರೇನ್ ಯಕೃತ್ತಿನ ಅರ್ಬುದರೋಗದಿಂದ ನಿಧನರಾದರು. ನ್ಯೂಯಾರ್ಕಿನ ಸಂತ ಪೇತ್ರರ ಲೂಥರನ್ ದೇವಾಲಯದಲ್ಲಿ ನಡೆದ ಅಂತ್ಯವಿಧಿಯಲ್ಲಿ, ಅವರು ಎಂದೋ ಉಸಿರಿನಲ್ಲಿ ನುಡಿಸಿದ್ದ ಆ ಪ್ರಾರ್ಥನೆಯನ್ನು ಗೆಳೆಯರೊಬ್ಬರು ಗಟ್ಟಿಯಾಗಿ ಓದಿದರು.