ಲೆಕ್ಕಕ್ಕೂ ಮೊದಲು ಮಾತು ಕಲಿಸಿದ ಮಾಂಟೆಸ್ಸರಿ

ಉದ್ದ, ಗಿಡ್ಡ ಎಂಬ ಮಾತೇ ಗೊತ್ತಿಲ್ಲದ ಮಗುವಿನ ತಲೆಗೆ ಲೆಕ್ಕ ಹತ್ತುವುದಾದರೂ ಹೇಗೆ? 1870ರಲ್ಲಿ ಇಟಲಿಯಲ್ಲಿ ಹುಟ್ಟಿದ ವೈದ್ಯೆ ಮರಿಯಾ ಮಾಂಟೆಸ್ಸರಿ ಹಿಡಿದದ್ದು ಇದೇ ಎಳೆ. 1907ರಲ್ಲಿ ರೋಮ್‌ನ ಬಡವರ ಬಡಾವಣೆಯಲ್ಲಿ ಅವರು 'ಮಕ್ಕಳ ಮನೆ' ತೆರೆದರು. ಅಲ್ಲಿನ ಮಕ್ಕಳಿಗೆ ಓದಲು ಕಲಿಸಿದ್ದು ಬೆರಳಾಡಿಸುವ ಉಪ್ಪುಕಾಗದದ ಅಕ್ಷರಗಳು. ಎಣಿಸಲು ಕಲಿಸಿದ್ದು 10 ಸೆಂ.ಮೀ.ನಿಂದ 1 ಮೀಟರ್‌ವರೆಗಿನ 10 ಕೋಲುಗಳು.

ಟೀಚರ್ ಮೊದಲು ಇದು ಉದ್ದ, ಇದು ಗಿಡ್ಡ ಎಂದು ಹೆಸರಿಸಬೇಕು. ಆಮೇಲೆ ಉದ್ದದ್ದನ್ನು ಕೊಡು ಎನ್ನಬೇಕು. ಇದೇನು ಎಂಬ ಪ್ರಶ್ನೆ ಕೊನೆಗೆ. (ನಮ್ಮಲ್ಲಿ ಪ್ರಶ್ನೆಯೇ ಮೊದಲು!)

1939ರಲ್ಲಿ ಮಗ ಮಾರಿಯೊ ಜೊತೆ ಮದ್ರಾಸಿನ ಅಡ್ಯಾರ್‌ಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷರು ಮಗನನ್ನು ಬಂಧನದಲ್ಲಿಟ್ಟರು. ತಾಯಿಯ 70ನೇ ಹುಟ್ಟುಹಬ್ಬಕ್ಕೆ ಬಿಟ್ಟರು. ಯುದ್ಧ ಮುಗಿಯುವವರೆಗೂ ಇಲ್ಲೇ ಉಳಿದು ಶಿಕ್ಷಕರನ್ನು ತಯಾರು ಮಾಡಿದ ಮಾಂಟೆಸ್ಸರಿ, 1952ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಿಧನರಾದರು.