ಸಂಖ್ಯಾಶಾಸ್ತ್ರದ ಆಚಾರ್ಯ ಪ್ರಶಾಂತ ಚಂದ್ರ ಮಹಾಲನೋಬಿಸ್

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಲೇತಿನಿಂದ ಹೊರಬೀಳುವ ಸಾವಿರಾರು ಬಿಡಿಭಾಗಗಳನ್ನು ಒಂದೊಂದಾಗಿ ಅಳೆಯುತ್ತ ಕುಳಿತರೆ ಕೆಲಸ ಸಾಗದು. ಆಗಿಂದಾಗ್ಗೆ ನಾಲ್ಕೈದನ್ನು ಆರಿಸಿ, ಅಳೆದು, ಚಾರ್ಟಿನ ಮೇಲೆ ಚುಕ್ಕೆಯಿಡುವುದು ಬಲ್ಲವರ ಪದ್ಧತಿ. ಚುಕ್ಕೆ ಎರಡು ಗೆರೆಗಳ ನಡುವೆ ಇದ್ದರೆ ಯಂತ್ರ ನೆಟ್ಟಗಿದೆಯೆಂದು ಅರ್ಥ; ಗೆರೆ ದಾಟಿತೋ, ಯಂತ್ರವನ್ನು ನಿಲ್ಲಿಸಿ ನೋಡಬೇಕು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡುಗಳ ಗಣಕ ತಜ್ಞರಿಗೂ ಇಂತಹುದೇ ಕೆಲಸವುಂಟು. ಲಕ್ಷಾಂತರ ದಾಖಲೆಗಳ ರಾಶಿಯಲ್ಲಿ ಉಳಿದವುಗಳ ಜಾಡಿಗೆ ಸೇರದ ಒಂದನ್ನು ಹುಡುಕಿ ತೆಗೆಯಬೇಕಾದಾಗ ಅವರು ಬಳಸುವ ಅಳತೆಗೋಲುಗಳಲ್ಲಿ ಒಂದಕ್ಕೆ ಮಹಾಲನೋಬಿಸ್ ದೂರವೆಂದು ಹೆಸರು. ಭಾರತದಲ್ಲಿ ಈ ವಿದ್ಯೆಗೆ ನೆಲೆಯೊದಗಿಸಿ, ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪೀಠದವರೆಗೆ ಅದನ್ನು ಏರಿಸಿದವರು ಆ ಹೆಸರಿನ ಮಹನೀಯರೇ.

ಪ್ರಶಾಂತ ಚಂದ್ರರು 1893ನೆಯ ಇಸವಿ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದರು. ಮನೆತನ ಬ್ರಹ್ಮಸಮಾಜದ್ದು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅವರಂತಹ ಗುರುಗಳ ಪಾದದಲ್ಲಿ ಕಲಿತು, 1912ರಲ್ಲಿ ಭೌತಶಾಸ್ತ್ರದ ಪದವಿ ಪಡೆದರು. ಮರುವರ್ಷ ಲಂಡನ್ನಿನಲ್ಲಿ ಓದುವ ಉದ್ದೇಶದಿಂದ ಇಂಗ್ಲೆಂಡಿಗೆ ತೆರಳಿದವರು ಒಂದು ದಿನ ಕೇಂಬ್ರಿಜ್ ನೋಡಲು ಹೋಗಿ, ಅಲ್ಲಿಯ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದ ಸೊಬಗಿಗೆ ಮನಸೋತು ಕಡೆಯ ರೈಲನ್ನು ತಪ್ಪಿಸಿಕೊಂಡರು. ರಾತ್ರಿ ತಂಗಲು ಎಡೆಕೊಟ್ಟ ಮಿತ್ರನ ಸಲಹೆಯಂತೆ ಆ ಕಾಲೇಜನ್ನೇ ಸೇರಿದರು. ತಪ್ಪಿದ ರೈಲು ಒಬ್ಬ ವಿದ್ಯಾರ್ಥಿಯ ಬಾಳನ್ನೇ ಬೇರೆ ದಾರಿಗೆ ಹೊರಳಿಸಿತು.

ಗಣಿತ ಪ್ರತಿಭೆ ಶ್ರೀನಿವಾಸ ರಾಮಾನುಜನ್ನರ ಸ್ನೇಹ ಒದಗಿದ್ದೂ ಅಲ್ಲಿಯೇ. ಚಳಿಯಿಂದ ನಡುಗುತ್ತ, ಮೇಲಂಗಿಯನ್ನು ತೊಟ್ಟೇ ಮಲಗುತ್ತಿದ್ದ ರಾಮಾನುಜನ್ನರಿಗೆ, ಹಾಸಿಗೆಯ ಅಂಚಿನಲ್ಲಿ ಮಡಿಸಿ ಸಿಕ್ಕಿಸಿದ್ದ ಕಂಬಳಿಗಳನ್ನು ಬಿಡಿಸಿ, ಅವುಗಳ ಒಳಗೆ ಹೇಗೆ ಸೇರಿಕೊಳ್ಳಬೇಕೆಂದು ತೋರಿಸಿಕೊಟ್ಟವರು ಪ್ರಶಾಂತ ಚಂದ್ರರು. ಇನ್ನೊಂದು ದಿನ ಪತ್ರಿಕೆಯೊಂದರ ಲೆಕ್ಕದ ಒಗಟನ್ನು ಅವರು ಓದಿ ಹೇಳಿದಾಗ, ಒಲೆಯ ಮೇಲಿನ ತರಕಾರಿಯನ್ನು ಕೈಯಾಡಿಸುತ್ತಿದ್ದಂತೆಯೇ ರಾಮಾನುಜನ್ನರು ಅದಕ್ಕೂ ಅದರಂತಹ ಸಮಸ್ತ ಒಗಟುಗಳಿಗೂ ಸಲ್ಲುವ ಉತ್ತರವನ್ನು ಹೇಳಿ ಮುಗಿಸಿದರು. ಇಂತಹವರ ಸಾಮೀಪ್ಯದಲ್ಲಿದ್ದವರು ತಮ್ಮ ಸಾಮರ್ಥ್ಯದ ಎಲ್ಲೆಯನ್ನು ಬೇಗನೆ ಅರಿಯುತ್ತಾರೆ. ತಮಗೆ ತಕ್ಕ ದಾರಿಯನ್ನೂ ಅರಸುತ್ತಾರೆ.

ಆ ದಾರಿ ತೆರೆದದ್ದು 1915ರಲ್ಲಿ. ಯುದ್ಧಕಾಲವಾದುದರಿಂದ ಸ್ವದೇಶಕ್ಕೆ ಮರಳುವ ಹಡಗು ತಡವಾಯಿತು. ಆ ಬಿಡುವಿನಲ್ಲಿ ಕಾಲೇಜಿನ ಗುರುಗಳೊಬ್ಬರು ಬಯೋಮೆಟ್ರಿಕ ಎಂಬ ನಿಯತಕಾಲಿಕದ ಸಂಪುಟಗಳನ್ನು ತೋರಿಸಿದರು. ಪ್ರಶಾಂತ ಚಂದ್ರರು ಪೂರ್ಣ ಸಂಪುಟಮಾಲೆಯನ್ನೇ ಕೊಂಡು, ಸಮುದ್ರಯಾನದಲ್ಲಿ ಓದತೊಡಗಿದರು. ಭೌತವಿಜ್ಞಾನಿಯಾಗಿ ಹಡಗನ್ನೇರಿದವರು ಇಳಿಯುವ ಹೊತ್ತಿಗೆ ಇನ್ನೊಂದು ಶಾಸ್ತ್ರದ ವಿದ್ಯಾರ್ಥಿಯಾಗಿದ್ದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಲೇ, ಹವಾಮಾನ, ಪರೀಕ್ಷಾಫಲ, ಮಾನವರ ಅಂಗಪ್ರಮಾಣ ಮೊದಲಾದ ಯಾವ ಅಂಕಿಗಳು ದೊರೆತರೂ ಲೆಕ್ಕಕ್ಕೆ ಕೂರುವುದು ಅವರ ನಿತ್ಯದ ಅಭ್ಯಾಸವಾಯಿತು.

ಈ ಲೆಕ್ಕ ಬರಿಯ ಕುತೂಹಲವಾಗಿ ಉಳಿಯಲಿಲ್ಲ. 1922ರಲ್ಲಿ ಉತ್ತರ ಬಂಗಾಳವು ನೆರೆಯಲ್ಲಿ ಮುಳುಗಿದಾಗ ನೀರನ್ನು ತಡೆದು ನಿಲ್ಲಿಸುವ ಭಾರಿ ವೆಚ್ಚದ ಕಟ್ಟುಗಳ ಪ್ರಸ್ತಾಪ ಬಂದಿತು. ಮಹಾಲನೋಬಿಸರು ಸುಮಾರು 50 ವರ್ಷಗಳ ಮಳೆ ಮತ್ತು ನೆರೆಯ ದಾಖಲೆಗಳನ್ನು ಶೋಧಿಸಿ, ಬೇಕಾದದ್ದು ತಡೆಯಲ್ಲ, ನೀರು ಬೇಗ ಹರಿದುಹೋಗುವ ದಾರಿ ಎಂದು ತೋರಿಸಿದರು. 1926ರಲ್ಲಿ ಒರಿಸ್ಸಾದ ಬ್ರಾಹ್ಮಣೀ ನದಿ ಉಕ್ಕಿದಾಗ ನದೀತಳ ಮೇಲೆದ್ದಿದೆ, ಆದುದರಿಂದ ಏರಿಗಳನ್ನು ಎತ್ತರಿಸಬೇಕು ಎಂಬುದು ಎಂಜಿನಿಯರುಗಳ ಮತವಾಗಿತ್ತು. 60 ವರ್ಷಗಳ ಲೆಕ್ಕದಿಂದ ತಳ ಏರಿಲ್ಲವೆಂದು ಸಿದ್ಧಪಡಿಸಿದ ಮಹಾಲನೋಬಿಸರು, ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟುವುದೇ ಉಪಾಯವೆಂದರು. ಒಂದು ಎಣಿಕೆ ತಪ್ಪಿದರೆ ಎಷ್ಟು ಊರುಗಳ ಹಣ ಮಣ್ಣುಪಾಲಾಗುತ್ತದೆಂಬುದಕ್ಕೆ ಈ ಎರಡು ನೆರೆಗಳೇ ಸಾಕ್ಷಿ.

ಕಾಲೇಜಿನ ಭೌತಶಾಸ್ತ್ರ ವಿಭಾಗದ ಕೊಠಡಿಯಲ್ಲಿ ನಡೆಯುತ್ತಿದ್ದ ಈ ಕೆಲಸ 1931ನೆಯ ಡಿಸೆಂಬರ್ 17ರಂದು ಕೂಡಿದ ಸಭೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯೆಂಬ ರೂಪ ತಳೆಯಿತು. ಮೊದಲ ವರ್ಷದ ಒಟ್ಟು ವೆಚ್ಚ 238 ರೂಪಾಯಿ! ವಿದ್ಯಾಸಂಸ್ಥೆಗಳಿಗೆ ಕೈಲಾದುದನ್ನು ನೀಡಿದ ದಾನಿಗಳಿಗೆ ಈ ಸಣ್ಣ ಮೊತ್ತದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1933ರಲ್ಲಿ ಸಂಸ್ಥೆಯ ಪತ್ರಿಕೆ ಹೊರಟಾಗ ಅದಕ್ಕೆ ಸಂಖ್ಯಾ ಎಂದು ಹೆಸರಿಟ್ಟರು. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಎಣಿಕೆಯೆಂಬ ಅರ್ಥವಿರುವಂತೆ ವಿವೇಚನೆಯೆಂಬ ಅರ್ಥವೂ ಉಂಟು. ಹೆಸರಿಟ್ಟವರಿಗೆ ಅದು ತಿಳಿದೇ ಇತ್ತು. ನಳೋಪಾಖ್ಯಾನದ ಋತುಪರ್ಣರಾಜನು ದಾರಿಬದಿಯ ತಾರೆಯ ಮರವನ್ನು ರಥದಿಂದಲೇ ನೋಡಿ ಅದರ ಎಲೆ ಕಾಯಿಗಳ ಲೆಕ್ಕ ಹೇಳಿದ, ನಳನು ಮರ ಕಡಿದು ಎಣಿಸಿದಾಗ ಲೆಕ್ಕ ಸರಿಬಂದಿತು ಎಂಬ ಕಥೆಯನ್ನು ನಮ್ಮ ವಾಚಕರು ಬಲ್ಲರು. ಸ್ವಲ್ಪವನ್ನು ನೋಡಿ ಸಮಸ್ತವನ್ನು ಊಹಿಸುವ ಆ ವಿದ್ಯೆಯನ್ನೇ ಮಹಾಲನೋಬಿಸರು ಬಂಗಾಳದ ಸೆಣಬಿನ ಹೊಲಗಳಿಗೆ ಅನ್ವಯಿಸಿದರು. ಆದರೆ ಅವರದು ರಾಜನ ಸಿದ್ಧಿಯಲ್ಲ, ಯಾರೂ ಕಲಿಯಬಹುದಾದ ಶಾಸ್ತ್ರ. ತನ್ನ ಊಹೆಯಲ್ಲಿ ಎಷ್ಟು ತಪ್ಪು ಇರಬಹುದೆಂಬುದನ್ನೂ ಮೊದಲೇ ಹೇಳುವ ಶಾಸ್ತ್ರ.

ಅದರ ಪರೀಕ್ಷೆಯೂ ನಡೆಯಿತು. ಒಂದು ಹೊಲವನ್ನೂ ಬಿಡದೆ ಎಣಿಸಲು ಸರ್ಕಾರವು 33,000 ಜನರನ್ನು ನೇಮಿಸಿ 82 ಲಕ್ಷ ರೂಪಾಯಿ ವೆಚ್ಚಮಾಡಿತು. ಮಹಾಲನೋಬಿಸರ ಮಾದರಿ ಸಮೀಕ್ಷೆಗೆ 600 ಜನ, 8 ಲಕ್ಷ ರೂಪಾಯಿ ಸಾಕಾಯಿತು. ಕಡೆಗೆ ವ್ಯಾಪಾರದ ಲೆಕ್ಕಕ್ಕೆ ಹೋಲಿಸಿದಾಗ, ಪೂರ್ಣ ಎಣಿಕೆ ಸುಮಾರು ಆರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ಮಾದರಿಯ ಲೆಕ್ಕವೇ ನಿಜಕ್ಕೆ ಹತ್ತಿರವಾಗಿತ್ತು. ಒಂದೇ ಸೀಮೆಗೆ ಎರಡು ತಂಡಗಳನ್ನು ಪ್ರತ್ಯೇಕವಾಗಿ ಕಳುಹಿಸಿ ಎರಡರ ಲೆಕ್ಕಗಳನ್ನು ತಾಳೆ ನೋಡುವ ಕ್ರಮವನ್ನು ಅವರು ಬಳಕೆಗೆ ತಂದರು. ಮಾಡುವವನಿಗೂ ಮೋಸಕ್ಕೂ ನಡುವೆ ಅದೊಂದು ಬೇಲಿ.

1936ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾದ ದೂರದ ಅಳತೆ ಇದಕ್ಕಿಂತ ಸೂಕ್ಷ್ಮವಾದುದು. ಎರಡು ಜನಸಮುದಾಯಗಳು ಎಷ್ಟು ಬೇರೆಯೆಂದು ತಿಳಿಯಲು ಎತ್ತರ, ತೂಕ, ತಲೆಯ ಅಗಲಗಳ ವ್ಯತ್ಯಾಸಗಳನ್ನು ಸುಮ್ಮನೆ ಕೂಡಿಸಿದರೆ ಸಾಲದು. ಎತ್ತರದವನು ಸಹಜವಾಗಿ ತೂಕದಲ್ಲಿಯೂ ಹೆಚ್ಚು. ಅದನ್ನು ಎರಡು ಸಲ ಎಣಿಸಿದಂತಾಗುತ್ತದೆ. ಗುಣಗಳು ಒಂದಕ್ಕೊಂದು ಹೊಂದಿಕೊಂಡಿರುವುದನ್ನೂ, ಪ್ರತಿಯೊಂದರ ಸಹಜ ಏರಿಳಿತವನ್ನೂ ಕಳೆದು ಉಳಿಯುವ ಅಂತರವೇ ಮಹಾಲನೋಬಿಸ್ ದೂರ.

ಇಷ್ಟಾದರೂ ಸಂಖ್ಯಾಶಾಸ್ತ್ರವನ್ನು ಸ್ವತಂತ್ರ ವಿದ್ಯೆಯೆಂದು ಒಪ್ಪಲು ಪಂಡಿತವರ್ಗ ಸಿದ್ಧವಿರಲಿಲ್ಲ. ಗಣಿತದವರಿಗೆ ಅದು ಗಣಿತದ ಕೊಂಬೆ; ಅರ್ಥಶಾಸ್ತ್ರದವರಿಗೆ ಗುಮಾಸ್ತರ ಕೆಲಸ. ವಿಜ್ಞಾನ ಕಾಂಗ್ರೆಸ್ಸಿನಲ್ಲಿ 1942ರಲ್ಲಿ ಗಣಿತದೊಡನೆ ಅರೆಪಾಲು ದೊರೆತು, 1945ರಲ್ಲಷ್ಟೇ ಪ್ರತ್ಯೇಕ ವಿಭಾಗ ಲಭಿಸಿತು. 1941ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯವು ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ವಿಭಾಗವನ್ನು ತೆರೆದಾಗ ಮಹಾಲನೋಬಿಸರು ಗೌರವ ಮುಖ್ಯಸ್ಥರಾದರು. ಪಾಠ ಹೇಳಿದವರಲ್ಲಿ ರಾಜಚಂದ್ರ ಬೋಸರು ಮೂಲತಃ ರೇಖಾಗಣಿತದವರು. ಮಹಾಲನೋಬಿಸರೇ ಅವರನ್ನು ಈ ಕಡೆಗೆ ಸೆಳೆದಿದ್ದರು.

ಆ ಮೊದಲ ತಂಡದ ವಿದ್ಯಾರ್ಥಿಯೊಬ್ಬರು ನಮ್ಮ ನಾಡಿನ ಮಣ್ಣಿನಲ್ಲಿ ಹುಟ್ಟಿದವರೆಂಬುದು ಅಭಿಮಾನದ ಸಂಗತಿ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಆಂಧ್ರದಲ್ಲಿ ಗಣಿತದ ಎಂ.ಎ. ಮುಗಿಸಿ, ಯುದ್ಧಕಾಲದ ಒಂದು ನೌಕರಿಯನ್ನರಸಿ ಕಲ್ಕತ್ತೆಗೆ ಹೋಗಿದ್ದರು. ನೌಕರಿ ದೊರೆಯಲಿಲ್ಲ. ಸಂಸ್ಥೆಯ ಹೆಸರನ್ನು ಅಲ್ಲಿಯೇ ಕೇಳಿ, 1941ರ ಜನವರಿ 1ರಂದು ತರಬೇತಿಗೆ ಸೇರಿದರು. ಬಳಿಕ ಹೊಸ ಎಂ.ಎ. ತರಗತಿಗೆ ಸೇರಿ 1943ರಲ್ಲಿ ಪ್ರಥಮ ಸ್ಥಾನ ಮತ್ತು ಸುವರ್ಣಪದಕ ಗಳಿಸಿದರು. 1946ರಲ್ಲಿ ಕೇಂಬ್ರಿಜ್ಜಿನ ವಸ್ತುಸಂಗ್ರಹಾಲಯವು ಆಫ್ರಿಕದ ಪ್ರಾಚೀನ ಅಸ್ಥಿಗಳ ವಿಶ್ಲೇಷಣೆಗೆ ತಜ್ಞರನ್ನು ಬೇಡಿದಾಗ ಮಹಾಲನೋಬಿಸರು ಕಳುಹಿಸಿದ್ದು ಈ ಶಿಷ್ಯನನ್ನೇ. ಗುರುವಿನ ದೂರಮಾಪಕವನ್ನು ಶಿಷ್ಯ ಅಲ್ಲಿ ಬಳಸಿದರು. 2023ರಲ್ಲಿ, 102ರ ಇಳಿವಯಸ್ಸಿನಲ್ಲಿ, ರಾಯರು ನಿಧನರಾದರು.

ಸ್ವಾತಂತ್ರ್ಯಾನಂತರ ಮಹಾಲನೋಬಿಸರ ಕೀರ್ತಿ ದಿಲ್ಲಿಯವರೆಗೆ ಹಬ್ಬಿತು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಾರಂಭವಾಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ಕರಡು ಅವರ ಲೇಖನಿಯಿಂದ ಬಂದಿತು. ಭಾರಿ ಕೈಗಾರಿಕೆಗೆ ಒತ್ತುಕೊಟ್ಟ ಆ ಯೋಜನೆಯನ್ನು ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಒಬ್ಬರೇ ಒಬ್ಬರು ಭಿನ್ನಮತ ಬರೆದು ವಿರೋಧಿಸಿದರು: ಕಾಸರಗೋಡು ಸೀಮೆಯ ಬೆಳ್ಳಿಕೋತಿನ ಬಿ. ಆರ್. ಶೆಣೈ. ಜನರ ಉಳಿತಾಯಕ್ಕೆ ಮೀರಿದ ವೆಚ್ಚದಿಂದ ಬೆಲೆಗಳು ಏರುತ್ತವೆಂಬ ಅವರ 1955ರ ಎಚ್ಚರಿಕೆಯನ್ನು ಅಂದು ಕೇಳಿದವರು ವಿರಳ. ಅಂಕಿಗಳಲ್ಲಿ ಅಷ್ಟು ಜಾಗರೂಕರಾಗಿದ್ದ ಮಹಾಲನೋಬಿಸರು ಯೋಜನೆಯ ವಿಷಯದಲ್ಲಿ ತಮ್ಮ ಮಾದರಿಯನ್ನು ಅತಿಯಾಗಿ ನಂಬಿದರೆಂದು ಹೇಳಿದರೆ ಅಪಚಾರವಾಗದು.

ಅವರ ಹಿಡಿತವೂ ಬಿಗಿಯಾದುದು. ರಾಜಚಂದ್ರ ಬೋಸರು 1949ರಲ್ಲಿ, ಸಮರೇಂದ್ರನಾಥ ರಾಯರು ಮರುವರ್ಷ ಅಮೆರಿಕಕ್ಕೆ ತೆರಳಿದರು. 1957ರಲ್ಲಿ ಬಂದ ಜೀವವಿಜ್ಞಾನಿ ಹಾಲ್ಡೇನರು ಭಿನ್ನಾಭಿಪ್ರಾಯದಿಂದ 1961ರಲ್ಲಿ ಬಿಟ್ಟುಹೋದರು. ಆದರೂ ಸಂಸ್ಥೆ ಬೆಳೆಯಿತು. 1956ರಲ್ಲಿ ಭಾರತದ ಮೊದಲ ಗಣಕಯಂತ್ರ ಕೆಲಸಕ್ಕೆ ತೊಡಗಿದ್ದು ಅಲ್ಲಿಯೇ. 1959ರ ಸಂಸತ್ತಿನ ಕಾಯಿದೆ ಸಂಸ್ಥೆಗೆ ಪದವಿ ನೀಡುವ ಅಧಿಕಾರವನ್ನಿತ್ತಿತು, 1960ರಲ್ಲಿ ಬಿ.ಸ್ಟ್ಯಾಟ್. ಮತ್ತು ಎಂ.ಸ್ಟ್ಯಾಟ್. ತರಗತಿಗಳು ಪ್ರಾರಂಭವಾದವು. ಲೆಕ್ಕ ಕಲಿಯುವವನು ಯಾವುದರ ಲೆಕ್ಕವೆಂಬುದನ್ನೂ ಅರಿಯಬೇಕೆಂದು ಪಠ್ಯದಲ್ಲಿ ಭೌತ, ಜೀವ, ಭೂವಿಜ್ಞಾನಗಳನ್ನೂ ಸೇರಿಸಿದ್ದರು.

ಬೆಂಗಳೂರಿಗೆ ಈ ವಿದ್ಯೆ ಎರಡು ದಾರಿಗಳಿಂದ ಬಂದಿತು. ಕಾರ್ಖಾನೆಯ ಚಾರ್ಟನ್ನು ಕಂಡುಹಿಡಿದ ಅಮೆರಿಕದ ಶೂಹಾರ್ಟರನ್ನು ಮಹಾಲನೋಬಿಸರು 1947ರಲ್ಲಿ ಭಾರತಕ್ಕೆ ಕರೆಸಿದ್ದರು. ಆ ಬಳಿಕ ಗುಣನಿಯಂತ್ರಣವನ್ನು ಕಲಿಸುವ ಸಂಸ್ಥೆಯ ಘಟಕಗಳು ಕೈಗಾರಿಕಾ ನಗರಗಳಲ್ಲಿ ತೆರೆದವು, ಅವುಗಳಲ್ಲಿ ಬೆಂಗಳೂರಿನದೂ ಒಂದು. 1962ರಲ್ಲಿ ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ನರ ನೇತೃತ್ವದಲ್ಲಿ ಸಂಸ್ಥೆಯ ಪ್ರಲೇಖನ ಕೇಂದ್ರ ಇಲ್ಲಿ ಸ್ಥಾಪಿತವಾಯಿತು.

1968ರಲ್ಲಿ ಪದ್ಮವಿಭೂಷಣ ಪಡೆದ ಮಹಾಲನೋಬಿಸರ ಕಡೆಯ ದಿನಗಳು ನೆಮ್ಮದಿಯವಾಗಿರಲಿಲ್ಲ. ತಾವು ಕಟ್ಟಿದ ಮಾದರಿ ಸಮೀಕ್ಷೆ ಸಂಸ್ಥೆಯ ಕೈತಪ್ಪಿ ಸರ್ಕಾರದ ಇಲಾಖೆಯಾಗುವುದನ್ನು ಅವರು ನೋಡಬೇಕಾಯಿತು. 1972ನೆಯ ಜೂನ್ 28ರಂದು, 79 ತುಂಬಲು ಒಂದು ದಿನವಿರುವಾಗ, ಕಲ್ಕತ್ತೆಯಲ್ಲಿ ದೇಹವಿಟ್ಟರು. ಸಂಸ್ಥೆಯ ಬೆಂಗಳೂರು ಕೇಂದ್ರ 1978ರಲ್ಲಿ ಪ್ರಾರಂಭವಾಗಿ, 1985ರಲ್ಲಿ ಮೈಸೂರು ರಸ್ತೆಯ ಎಂಟನೆಯ ಮೈಲಿಯ ತನ್ನ ಸ್ವಂತ ನಿವೇಶನಕ್ಕೆ ಬಂದಿತು. 2007ರಿಂದ ಜೂನ್ 29ನ್ನು ದೇಶದಲ್ಲಿ ಸಂಖ್ಯಾಶಾಸ್ತ್ರ ದಿನವೆಂದು ಆಚರಿಸಲಾಗುತ್ತಿದೆ.