ತಿಪ್ಪೆಗೆ ಮಾನ ತಂದ ಹೊವಾರ್ಡ್ ಸಾಹೇಬರು

ನಾವು ತಿಪ್ಪೆ ಅಂತೇವೆ, ಸಾಂಗಲಿ-ಮಿರಜದ ಮರಾಠಿಗರು ಉಕಿರಡಾ ಅಂತಾರೆ, ನನ್ನ ತೆಲುಗಿನಲ್ಲಿ ಪೆಂಟಕುಪ್ಪ. ಮೂಗಿಗೆ ಹೊಡೆಯುವ ಘಾಟು ಮಾತ್ರ ಒಂದೇ. ಆ ಘಾಟೇ ಅಮೋನಿಯಾ. ರೊಕ್ಕ ಕೊಟ್ಟು ತರುವ ಯೂರಿಯಾದಲ್ಲಿರುವ ಸಾರಜನಕವೇ ಇಲ್ಲಿ ಪುಕ್ಕಟೆ ಗಾಳಿಪಾಲು.

ಈ ನಷ್ಟ ತಡೆಯಲು ದುಡಿದವರಲ್ಲಿ ಸರ್ ಆಲ್ಬರ್ಟ್ ಹೊವಾರ್ಡ್ ಹೆಸರು ದೊಡ್ಡದು. 1873ರಲ್ಲಿ ಇಂಗ್ಲೆಂಡಿನ ಒಕ್ಕಲು ಮನೆತನದಲ್ಲಿ ಹುಟ್ಟಿ, 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದರು. ಕಲಿಸಲು ಬಂದವರು ನಮ್ಮ ರೈತರಿಂದಲೇ ಕಲಿತರು. ನಾನು ಮೆಚ್ಚುವುದು ಇದನ್ನೇ. ಹೆಂಡತಿ ಗೇಬ್ರಿಯಲ್ ಕೂಡ ವಿಜ್ಞಾನಿ, ಇಬ್ಬರೂ ಜೋಡೆತ್ತಿನಂತೆ ದುಡಿದರು. 1924ರಿಂದ ಇಂದೂರಿನಲ್ಲಿ ಕಸಕಡ್ಡಿ, ಸಗಣಿ, ಗಂಜಲ ಕುಡಿದ ಮಣ್ಣು, ಬೂದಿ ಪದರುಪದರಾಗಿ ಹಾಕಿ, ತಿರುವಿ, ಮೂರು ತಿಂಗಳಲ್ಲಿ ಗೊಬ್ಬರ ಮಾಡಿ ತೋರಿಸಿದರು. ಸಾರಜನಕ ಒಂದು ಪಾಲಾದರೆ ಇಂಗಾಲ 33 ಪಾಲು ಅವರ ಲೆಕ್ಕ. ಒಣಕಸ ಸಾಕಷ್ಟಿದ್ದರೆ ಸೂಕ್ಷ್ಮಜೀವಿಗಳು ಸಾರಜನಕವನ್ನು ಹಿಡಿದಿಡುತ್ತವೆ.

1930ರಲ್ಲಿ ಗೇಬ್ರಿಯಲ್ ತೀರಿಕೊಂಡರು. ಮರುವರ್ಷ ವಾಡ್ ಅವರೊಡನೆ ಪುಸ್ತಕ ತಂದು ಸಾಹೇಬರು ಊರಿಗೆ ಮರಳಿದರು, 1947ರಲ್ಲಿ ನಿಧನ.

ಪಟ್ಟಣದ ಕಸಕ್ಕೆ ದಾರಿ ತೋರಿದ್ದು 1939ರ ಬೆಂಗಳೂರು ಪದ್ಧತಿ, ಸಿ. ಎನ್. ಆಚಾರ್ಯರದು. ಗುಂಡಿ ತುಂಬಿ, ಕೆಸರು ಮೆತ್ತಿ, ತಿರುವದೆ ಬಿಡುವುದು. ಆರೆಂಟು ತಿಂಗಳು ಕಾಯಬೇಕು, ಸಾರಜನಕ ಹಾರುವುದು ಕಡಿಮೆ.

ಕೃಷ್ಣಾ ದಂಡೆಯ ನಮಗೆ ಕಾರ್ಖಾನೆಯ ಪ್ರೆಸ್‌ಮಡ್ ಉಂಟು, ಕಬ್ಬಿನ ರವದಿಯೂ ಉಂಟು. ರವದಿಗೆ ಬೆಂಕಿ ಹಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕತ್ತರಿಸಿ ಪ್ರೆಸ್‌ಮಡ್ಡಿಗೆ ಬೆರೆಸಿರಿ, ಹಸಿ ಇಡಿರಿ, ಮೇಲೆ ನಾಲ್ಕು ಬೆರಳು ಮಣ್ಣು ಹೊದಿಸಿರಿ. ಮತ್ತೂ ಘಾಟು ಬಂದರೆ ಇನ್ನಷ್ಟು ರವದಿ ಸೇರಿಸಿರಿ.